ನಮ್ಮ ಊರಿನ ಫ್ರಾಸ್ಟ್ (ಗಿಡ ಸುಡುವ ಹೆಪ್ಪುಗಟ್ಟಿದ ಇಬ್ಬನಿ) ತಾರೀಖುಗಳ ಪಟ್ಟಿಯಲ್ಲಿ ಚಳಿಗಾಲ ಮುಗಿಯುವಾಗಿನ ಕೊನೆಯ ಫ್ರಾಸ್ಟ್ ಏಪ್ರಿಲ್ 20, ಮುಂದಿನ ಚಳಿಯ ಮೊದಲ ಫ್ರಾಸ್ಟ್ ಅಕ್ಟೋಬರ್ 5 ಎಂದಿದೆ. ಏಪ್ರಿಲ್ 21ಕ್ಕೆ ಎಲ್ಲ ಸಸಿಗಳನ್ನೂ ನೆಡಬಹುದೇ?

ಬೇಡ. ಆ ತಾರೀಖು ಸಾಮಾನ್ಯವಾಗಿ ಹಲವು ವರ್ಷಗಳ ಸರಾಸರಿ. ಅಂದರೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಅದಾದ ಮೇಲೂ ಫ್ರಾಸ್ಟ್ ಬೀಳುತ್ತದೆ. ಪಟ್ಟಿಯಲ್ಲಿ ಶೇ. 10 ಸಾಧ್ಯತೆಯ ತಾರೀಖು (ಅದಾದ ಮೇಲೆ ಫ್ರಾಸ್ಟ್ ಬೀಳುವುದು ಹತ್ತು ವರ್ಷಕ್ಕೊಮ್ಮೆ ಮಾತ್ರ) ಕೊಟ್ಟಿದ್ದರೆ ನಾಜೂಕು ಬೆಳೆಗಳಿಗೆ ಅದನ್ನೇ ನಂಬಿ.

ಬಟಾಣಿ, ಪಾಲಕ್, ಮೂಲಂಗಿ ಲಘು ಫ್ರಾಸ್ಟ್ ತಡೆಯುತ್ತವೆ. ಮಣ್ಣು ಕೆಸರಾಗಿರದಿದ್ದರೆ ಕೊನೆಯ ಫ್ರಾಸ್ಟ್‌ಗೆ 4–6 ವಾರ ಮೊದಲೇ ನೇರವಾಗಿ ಬಿತ್ತಿ. ಟೊಮೆಟೊ ಬೀಜವನ್ನು ಮಾರ್ಚ್ ಮೊದಲ ವಾರ ಮನೆಯೊಳಗೆ ಟ್ರೇಗೆ ಹಾಕಿ, ಮೇ ಮೊದಲ ವಾರ ನೆಡಿ. ಆದರೆ ಕ್ಯಾಲೆಂಡರ್‌ಗಿಂತ ರಾತ್ರಿಯ ತಾಪಮಾನ ಮುಖ್ಯ: 10 ಡಿಗ್ರಿಗಿಂತ ಕೆಳಗಿದ್ದರೆ ಫ್ರಾಸ್ಟ್ ಇಲ್ಲದಿದ್ದರೂ ಟೊಮೆಟೊ ಬೆಳೆಯದೆ ಸುಮ್ಮನೆ ನಿಲ್ಲುತ್ತದೆ. ಕ್ಯಾಪ್ಸಿಕಂ, ಬದನೆ ಇನ್ನೂ ಚಳಿ ಅಂಜುಬುರುಕ. ಇನ್ನೊಂದು ವಾರ ಕಾದು ನೆಡಿ. ಬೀನ್ಸ್ ಬೀಜ ತಣ್ಣನೆ ಮಣ್ಣಿನಲ್ಲಿ ಕೊಳೆಯುತ್ತದೆ, ಮಣ್ಣು 15 ಡಿಗ್ರಿ ದಾಟಲಿ. ಯಾವ ಸಸಿಯಾದರೂ ನೆಡುವ ಮೊದಲು 7–10 ದಿನ ಹೊರಗಿಟ್ಟು ಬಿಸಿಲು-ಗಾಳಿಗೆ ಹದಗೊಳಿಸಿ. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ ಸಾಕು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ.

ಹೆಚ್ಚಿನವರು ಎಡವುವುದು ಋತುವಿನ ಕೊನೆಯಲ್ಲಿ. ಎರಡು ಫ್ರಾಸ್ಟ್ ತಾರೀಖುಗಳ ನಡುವೆ ನಿಮಗೆ ಸಿಗುವುದು 168 ದಿನ, ಎರಡನೇ ಬೆಳೆಗೂ ಜಾಗವಿದೆ. ಅದಕ್ಕೆ ಅಕ್ಟೋಬರ್ 5ರಿಂದ ಹಿಂದಕ್ಕೆ ಎಣಿಸಿ. 55 ದಿನಕ್ಕೆ ಕಾಯಿ ಬರುವ ಬೀನ್ಸ್ ಎಂದಿಟ್ಟುಕೊಳ್ಳಿ: 55, ಜೊತೆಗೆ ಹಗಲು ಕಿರಿದಾಗಿ ಬೆಳವಣಿಗೆ ನಿಧಾನವಾಗುವುದಕ್ಕೆ 14, ಕಾಯಿ ಕೊಯ್ಯಲು 20. ಒಟ್ಟು 89, ಜುಲೈ 8ರೊಳಗೆ ಬಿತ್ತಬೇಕು. ಬೀಜದ ಪೊಟ್ಟಣದ ಮೇಲಿನ ದಿನಗಳ ಎಣಿಕೆ ಬೀನ್ಸ್‌ಗೆ ಬಿತ್ತಿದ ದಿನದಿಂದ, ಟೊಮೆಟೊಗೆ ಸಾಮಾನ್ಯವಾಗಿ ಸಸಿ ನೆಟ್ಟ ದಿನದಿಂದ. ಇದನ್ನು ಮರೆತರೆ ಲೆಕ್ಕ ಒಂದೂವರೆ ತಿಂಗಳು ತಪ್ಪುತ್ತದೆ.

ಹಾರ್ಡಿನೆಸ್ ಝೋನ್ (ಗಿಡಗಳ ಚಳಿ ಸಹಿಷ್ಣುತೆಗೆ ಮಾಡಿದ ವಲಯ) ಸಂಖ್ಯೆ ಇಲ್ಲಿ ಕೆಲಸಕ್ಕೆ ಬಾರದು. ಅದು ಚಳಿಗಾಲದ ಕನಿಷ್ಠ ತಾಪಮಾನ ಹೇಳುತ್ತದೆ, ಫ್ರಾಸ್ಟ್ ಯಾವಾಗ ಎಂದಲ್ಲ.

ಮೋಡವಿಲ್ಲದ, ಗಾಳಿ ಆಡದ ರಾತ್ರಿ ಮುನ್ಸೂಚನೆ 2–3 ಡಿಗ್ರಿ ಎಂದರೂ ಎಚ್ಚರವಿರಲಿ. ಅಳತೆ ಆಳೆತ್ತರದ ಗಾಳಿಯದ್ದು, ನೆಲದ ಹತ್ತಿರ ಅದಕ್ಕಿಂತ ತಣ್ಣಗಿರುತ್ತದೆ. ತಗ್ಗಿನಲ್ಲಿ ತಂಪು ಗಾಳಿ ಬೇರೆ ಶೇಖರವಾಗುತ್ತದೆ. ಸಂಜೆಯೇ ಬಟ್ಟೆಯ ಹೊದಿಕೆ ನೆಲ ಮುಟ್ಟುವಂತೆ ಹಾಕಿ, ಏಕೆಂದರೆ ಗಿಡವನ್ನು ಕಾಯುವುದು ಮಣ್ಣಿನಿಂದ ಏಳುವ ಬಿಸಿ. ಪ್ಲಾಸ್ಟಿಕ್ ಆದರೆ ಕೋಲು ನೆಟ್ಟು ಮೇಲೆತ್ತಿ, ತಾಗಿದ ಕಡೆ ಎಲೆ ಸಾಯುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ತೆಗೆಯಿರಿ.