ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೆಯ ಬೆಳ್ಳಿ ರೂಪಾಯಿಗಳನ್ನು ಆನ್‌ಲೈನ್ ಲಿಲಾವಿನಲ್ಲಿ ಮೋಸ ಹೋಗದೆ ಮಾರುವುದು ಹೇಗೆ?

ನೀವು ಗದಗಿನವರು. ಟ್ರಂಕಿನಲ್ಲಿ 1918ರ, 1942ರ ಬೆಳ್ಳಿ ರೂಪಾಯಿಗಳೂ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟುಗಳೂ ಸಿಕ್ಕಿವೆ. ವಾಟ್ಸಾಪ್‌ನಲ್ಲಿ ಯಾರೋ ಒಂದು ನೋಟಿಗೆ ಎರಡು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದಿದ್ದಾರೆ. ಪ್ರಶ್ನೆ ಇಷ್ಟೇ ತಾನೆ?

ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮಾರುವವನ ಕಡೆಗೆ ರೊಕ್ಕ ಬರಬೇಕೇ ಹೊರತು ಅವನೇ ಮುಂಗಡ ಕಟ್ಟುವ ಪದ್ಧತಿ ಯಾವ ಸಾಚಾ ಲಿಲಾವಿನಲ್ಲೂ ಇಲ್ಲ. ಅವರ ಕಮಿಷನ್ ಇದ್ದರೆ ಮಾರಾಟದ ಹಣದಲ್ಲೇ ಹಿಡಿದುಕೊಳ್ಳುತ್ತಾರೆ. ಇವತ್ತು ನೋಂದಣಿ ಕಟ್ಟಿದರೆ ನಾಳೆ ಜಿಎಸ್‌ಟಿ, ನಾಡಿದ್ದು ‘ಆರ್‌ಬಿಐ ಕ್ಲಿಯರೆನ್ಸ್’ ಅಂತ ಕೇಳುತ್ತಾರೆ. ಹಳೆಯ ನೋಟು-ನಾಣ್ಯಗಳ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಟ್ರ್ಯಾಕ್ಟರ್ ನೋಟು ಇವತ್ತಿಗೂ ಚಲಾವಣೆಯಲ್ಲಿರುವ ನೋಟು. ಅದರ ಕಿಮ್ಮತ್ತು ಐದು ರೂಪಾಯಿ. ವೈಷ್ಣೋದೇವಿ ನಾಣ್ಯ, 786 ನಂಬರಿನ ನೋಟು ಅಂತ ಬರುವ ಲಕ್ಷದ ಮಾತುಗಳೂ ಇದೇ ಜಾತಿಯವು.

ನಿಮ್ಮ ಹತ್ತಿರ ನಿಜವಾದ ಕಿಮ್ಮತ್ತು ಇರುವುದು ಬೆಳ್ಳಿ ರೂಪಾಯಿಗೆ. ಅದನ್ನು ಹುಣಸೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಯಾವುದರಿಂದಲೂ ತಿಕ್ಕಬೇಡಿ. ಪೂಜೆಯ ತಂಬಿಗೆಗೆ ಹೊಳಪು ಚೆಂದ, ನಾಣ್ಯಕ್ಕಲ್ಲ. ತಿಕ್ಕಿದರೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರು ಬೀಳುತ್ತವೆ, ಸಂಗ್ರಾಹಕರು ತಕ್ಷಣ ಗುರುತಿಸುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಕಪ್ಪು ಇದ್ದರೆ ಇರಲಿ.

ಮುಂದಿನ ಕೆಲಸ ತೂಕ. 1939ರವರೆಗಿನ ರೂಪಾಯಿ 11.66 ಗ್ರಾಂ, ಶೇ 91.7 ಬೆಳ್ಳಿ. ಅಂದರೆ ಒಂದರಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನದರ ತೂಕವೂ ಅಷ್ಟೇ, ಆದರೆ ಬೆಳ್ಳಿ ಅರ್ಧ, 5.83 ಗ್ರಾಂ. ಸವೆದಿದ್ದರೆ ತೂಕ ಸ್ವಲ್ಪ ಕಡಿಮೆ ಬರುತ್ತದೆ, ಪರವಾಗಿಲ್ಲ. 1947ರದು ನಿಕ್ಕೆಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಿಯದು ಅಂಟಿದರೆ ಖೋಟಾ.

ಅಂಟದ ಖೋಟಾ ಕೂಡ ಇರುತ್ತದೆ, ಜರ್ಮನ್ ಸಿಲ್ವರಿನದು (ಹೆಸರಿಗಷ್ಟೇ ಸಿಲ್ವರ್, ಅದು ತಾಮ್ರ-ನಿಕ್ಕೆಲ್-ಸತುವಿನ ಮಿಶ್ರಲೋಹ). ಅದನ್ನು ಹಿಡಿಯಲು 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. 1918ರದಕ್ಕೆ ತಕ್ಕಡಿ ಸುಮಾರು 1.13 ತೋರಿಸಬೇಕು, 1942ರದಕ್ಕೆ 1.22ರ ಆಸುಪಾಸು. 1.35ರ ಹತ್ತಿರ ಹೋದರೆ ಒಳಗೆ ಬೆಳ್ಳಿ ಇಲ್ಲ. ಆಮೇಲೆ ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಿಸಿ, ಒರೆಸಬೇಡಿ. ತಕ್ಕಡಿ ಇಲ್ಲದಿದ್ದರೆ ಸರಾಫರ ಅಂಗಡಿಯಲ್ಲಿ ಬರೀ ತೂಕವನ್ನಾದರೂ ನೋಡಿಸಿ.

ಆ ದಿನದ ಬೆಳ್ಳಿ ದರಕ್ಕೆ ಒಳಗಿನ ಗ್ರಾಂ ಗುಣಿಸಿದರೆ ಬರುವುದೇ ನಿಮ್ಮ ಕನಿಷ್ಠ ಬೆಲೆ. 1918ರಂಥ ಸಾಮಾನ್ಯ ವರ್ಷಗಳಿಗೆ ಅದಕ್ಕಿಂತ ಬಹಳ ಮೇಲೇನೂ ಸಿಗುವುದಿಲ್ಲ. ಟ್ರಂಕನ್ನು ಇನ್ನೊಮ್ಮೆ ಜಾಲಾಡಿ 1911ರದು ಇದೆಯೇ ನೋಡಿ. ಆ ವರ್ಷ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಅಂತ ಗದ್ದಲವಾಗಿ ಅಚ್ಚು ಬದಲಾಯಿತು. 1939ರದೂ ಅಪರೂಪ, ಅದಕ್ಕೇ ನಕಲಿಯೂ ಹೆಚ್ಚು. ಇನ್ನು ರಾಮ-ಹನುಮಂತರ ಚಿತ್ರದ ‘1818 ಈಸ್ಟ್ ಇಂಡಿಯಾ ಕಂಪನಿ’ ನಾಣ್ಯ ಕಂಪನಿಯದಲ್ಲವೇ ಅಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ ರೇಟು ಹಾಕುತ್ತಾರೆ. ಇಲ್ಲಿ ಸವಾಲು ಕೂಗುವವನಿಗೆ ಕಾಣುವುದು ಫೋಟೋ ಮಾತ್ರ. ಹಾಗಾಗಿ ಬೆಳಗಿನ ಬಿಸಿಲು ನೇರ ಬೀಳದ ಬೆಳಕಿನಲ್ಲಿ ಎರಡೂ ಮುಖ, ಅಂಚು, ತಕ್ಕಡಿಯ ಮೇಲಿನ ತೂಕ, ಹೀಗೆ ನಾಲ್ಕು ಫೋಟೋ ತೆಗೆಯಿರಿ. ಗೀರಿದ್ದರೆ, ಕೊಂಡಿ ಬೆಸೆದು ತೆಗೆದ ಗುರುತಿದ್ದರೆ ಬಾಯಿಬಿಟ್ಟು ಬರೆಯಿರಿ (ನಮ್ಮ ಕಡೆ ಸರಕ್ಕೆ ಪೋಣಿಸಿದ ರೂಪಾಯಿ ಬಹಳ). ಮುಚ್ಚಿಟ್ಟರೆ ವಾಪಸ್ ಬಂದೇ ಬರುತ್ತದೆ. ಕನಿಷ್ಠ ಬೆಲೆಗೆ ಕಮಿಷನ್ ಕೂಡಿಸಿ ಮೀಸಲು ಬೆಲೆ (ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅನ್ನುವ ಬೆಲೆ) ಇಡಿ. ಅಪರೂಪದ ವರ್ಷವೇನಾದರೂ ಸಿಕ್ಕರೆ ಬೆಂಗಳೂರಿನ ಮರುಧರ್ ಆರ್ಟ್ಸ್‌ನಂಥ ನಾಣ್ಯ ಲಿಲಾವು ಸಂಸ್ಥೆಗಳನ್ನು ಕೇಳಿ. ಸಹಿ ಮಾಡಿದ ಪಟ್ಟಿ ಇಲ್ಲದೆ ನಾಣ್ಯ ಒಪ್ಪಿಸಬೇಡಿ.

ನೀವೇ ಕೊಳ್ಳುವುದಾದರೆ ಕೂಗಿದ ಬೆಲೆಯೇ ಕೊನೆಯದಲ್ಲ. ಕೊಳ್ಳುವವರ ಪ್ರೀಮಿಯಂ (ಲಿಲಾವಿನವರು ಗೆದ್ದವನಿಂದ ಹಿಡಿಯುವ ಕಮಿಷನ್), ತೆರಿಗೆ, ಅಂಚೆ ವೆಚ್ಚ ಮೇಲೆ ಬೀಳುತ್ತವೆ. ಪ್ರೀಮಿಯಂ ಶೇ 15 ಇದ್ದರೆ 2,000ಕ್ಕೆ ಗೆದ್ದದ್ದು ತೆರಿಗೆ ಸೇರುವ ಮೊದಲೇ 2,300 ಆಗುತ್ತದೆ. ಒಬ್ಬನೇ ಮಾರಾಟಗಾರನ ವಸ್ತುಗಳಿಗೆ ಮಾತ್ರ ಕೂಗಿ, ಎಂದೂ ಗೆಲ್ಲದ ಖಾತೆ ಕಂಡರೆ ಅದು ಬೆಲೆ ಏರಿಸುವ ಅವನದೇ ಮನುಷ್ಯ ಅನ್ನಿ. ‘ಗೆದ್ದವರು ಬಿಟ್ಟುಕೊಟ್ಟರು, ನೀವು ನೇರ ಹಣ ಹಾಕಿ’ ಅಂತ ಲಿಲಾವು ಮುಗಿದ ಮೇಲೆ ಬರುವ ಮೆಸೇಜಿಗೆ ಉತ್ತರಿಸಬೇಡಿ.

ರೊಕ್ಕ ಬರಲು ಯುಪಿಐ ಪಿನ್ ಹಾಕುವ ಅಗತ್ಯವಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಪಿನ್ ಕೇಳಿತು ಅಂದರೆ ಹಣ ಹೋಗುತ್ತಿದೆ ಅಂತಲೇ ಅರ್ಥ. ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕಿನ ಬಾಕಿ ನೋಡಿಕೊಂಡೇ ಸರಕು ಕಳಿಸಿ. ಸ್ಪೀಡ್ ಪೋಸ್ಟಿಗೆ ವಿಮೆ ಮಾಡಿಸಿ, ನಾಣ್ಯ ಅಲುಗಾಡದಂತೆ ರಟ್ಟಿನ ನಡುವೆ ಇಡಿ, ನಾಣ್ಯಕ್ಕೆ ನೇರವಾಗಿ ಟೇಪು ಹಚ್ಚಬೇಡಿ, ಪ್ಯಾಕ್ ಮಾಡುವುದನ್ನು ಒಂದೇ ವಿಡಿಯೋದಲ್ಲಿ ಹಿಡಿದಿಡಿ.

ವಿದೇಶದಿಂದ ಗಿರಾಕಿ ಬಂದರೆ 1918ರದನ್ನು ಕಳಿಸಲೇಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅನುಮತಿಯಿಲ್ಲದೆ ದೇಶ ದಾಟಿಸಿದರೆ ಅಪರಾಧ. ಟ್ರಂಕಿನದು ಮನೆಯ ಆಸ್ತಿ, ಸರಿ. ನೆಲದಲ್ಲಿ ಸಿಕ್ಕದ್ದು ಬೇರೆ ಲೆಕ್ಕ. ಲಕ್ಕುಂಡಿ ಟಂಕಸಾಲೆಯಿದ್ದ ಊರು, ಹೊಲದಲ್ಲಿ ಸಿಕ್ಕ ಗದ್ಯಾಣ (ಹಳೆಯ ಕಾಲದ ಬಂಗಾರದ ನಾಣ್ಯ) ಅಂತ ಯಾರಾದರೂ ಮಾರಲು ಬಂದರೆ ಅದು ಅಸಲಿಯಾದರೆ ಸರ್ಕಾರಕ್ಕೆ ಒಪ್ಪಿಸಬೇಕಾದ ನಿಧಿ, ಅಲ್ಲದಿದ್ದರೆ ಹಿತ್ತಾಳೆ. ಮೊದಲು ಒಂದು ನಿಜವಾದ ಬಂಗಾರದ ಚೂರು ಕೊಟ್ಟು ಪರೀಕ್ಷೆ ಮಾಡಿಸಿ ಅನ್ನುವುದೇ ಇಂಥ ಮೋಸಗಾರರ ವರಸೆ.

ವಾಟ್ಸಾಪ್‌ನವರಿಗೆ ಈಗಾಗಲೇ ಏನಾದರೂ ಕಳಿಸಿದ್ದರೆ ಇದನ್ನು ಓದುವುದು ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ವಹಿವಾಟಿನ ಯುಟಿಆರ್ ಸಂಖ್ಯೆ, ಅವರ ಯುಪಿಐ ಐಡಿ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ. ಆಮೇಲೆ ಅದೇ ದಾಖಲೆಗಳೊಂದಿಗೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗಿ.