ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದ ಅಮ್ಮ

ನಮಸ್ಕಾರ.

ನೀವು ಕಳಿಸಿದ ‘ಭಾವನೆಗಳ ಹುಟ್ಟು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಹನ್ನೊಂದು ಪುಟಗಳಲ್ಲಿ ಏಳನೇ ಪುಟದ ಆರು ಸಾಲು ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2005ರ ಜುಲೈ 26. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಲೋಕಲ್ ರೈಲು ನಿಂತಿದೆ, ಫೋನ್ ಸಿಗುತ್ತಿಲ್ಲ. ಮುಲುಂಡ್‌ನ ಮನೆಯಲ್ಲಿ ನಿಮ್ಮ ಅಮ್ಮ ಮೇಣದಬತ್ತಿ ಹಚ್ಚಿಟ್ಟುಕೊಂಡು, ಮೊರದಲ್ಲಿ ಆಗಲೇ ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಾ ಕೂತಿದ್ದಾರೆ. ಅಪ್ಪ ಸಯನ್‌ನಿಂದ ನೀರಲ್ಲಿ ನಡೆದುಕೊಂಡು ಬೆಳಗಿನ ಜಾವ ಮನೆ ಸೇರಿದಾಗ ಅಮ್ಮನ ಬಾಯಿಂದ ಬಂದ ಮೊದಲ ಮಾತು: ‘ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?’ ಫೋನ್ ಸತ್ತಿದೆ ಅಂತ ಅವರಿಗೂ ಗೊತ್ತಿತ್ತು.

ಇದಾದ ಮೇಲೆ ನೀವು ಬರೆದಿರುವುದು: ‘ಹೀಗೆ ಅಮ್ಮನ ಭಯ ಕೋಪವಾಗಿ ಮಾರ್ಪಟ್ಟಿತು.’ ಅಷ್ಟೇ. ಮುಂದಿನ ಸಾಲಿಗೆ ಮೆದುಳಿನ ವರ್ಣನೆ ಶುರು. ನಿಮ್ಮ ಇಡೀ ಲೇಖನದ ಪ್ರಶ್ನೆ ಆ ಬಾಗಿಲಲ್ಲೇ ಇತ್ತು, ನೀವು ದಾಟಿ ಹೋದಿರಿ. ಅಪ್ಪ ಕಣ್ಣೆದುರು ನಿಂತಿದ್ದಾರೆ, ಇನ್ನು ಭಯಪಡಲು ಏನೂ ಇಲ್ಲ. ಖುಷಿ ಆಗಬೇಕಿತ್ತು, ಅಲ್ವಾ? ಸಿಟ್ಟು ಯಾಕೆ ಬಂತು?

ಉತ್ತರ ಹುಡುಕಲು ಬೇಕಾದ ಸಾಮಾನು ಅರ್ಧ ನಿಮ್ಮ ಹತ್ತಿರವೇ ಇದೆ. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲಿ ಹೇಳಿದ್ದನ್ನು ಮೂರನೇ ಪುಟದಲ್ಲಿ ಚೆನ್ನಾಗಿ ತಂದಿದ್ದೀರಿ. ದುಃಖವಾದದ್ದಕ್ಕೆ ಅಳುವುದಲ್ಲ, ಅಳುವುದರಿಂದ ದುಃಖವಾಗುತ್ತದೆ. ಮೈ ಮೊದಲು, ಭಾವನೆ ಆಮೇಲೆ. ಆದರೆ ಅದನ್ನೇ ಕೊನೆಯ ಮಾತು ಅಂದುಕೊಂಡಿರಿ. 1927ರಲ್ಲಿ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಎತ್ತಿದ ತಕರಾರು ನಿಮ್ಮಲ್ಲಿ ಇಲ್ಲವೇ ಇಲ್ಲ. ಭಯವಾದರೂ ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟು ಬಂದರೂ ಹೊಡೆದುಕೊಳ್ಳುತ್ತದೆ. ಹಾಗಾದರೆ ಬರೀ ಮೈ ನೋಡಿ ಇದು ಯಾವುದು ಅಂತ ಗೊತ್ತಾಗುವುದು ಹೇಗೆ?

1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬಂದವರಿಗೆ ವಿಟಮಿನ್ ಎಂದು ಹೇಳಿ, ಎದೆ ಬಡಿತ ಏರಿಸುವ ಅಡ್ರಿನಲಿನ್ ಚುಚ್ಚಿದರು. ತಮ್ಮ ಎದೆ ಯಾಕೆ ಹೀಗೆ ಬಡಿಯುತ್ತಿದೆ ಎಂದು ತಿಳಿಯದವರು, ಜೊತೆಯಲ್ಲಿ ಕೂರಿಸಿದ್ದವನ ಕುಣಿದಾಟವನ್ನೋ ಸಿಡಿಮಿಡಿಯನ್ನೋ ತಮ್ಮದು ಮಾಡಿಕೊಂಡರು ಎಂಬುದು ಅವರ ವಾದ. ಮುಂದೆ ಬೇರೆಯವರು ಮಾಡಿ ನೋಡಿದಾಗ ಫಲಿತಾಂಶ ಅಷ್ಟು ಸಲೀಸಾಗಿ ಬರಲಿಲ್ಲ. ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಆದರೂ ಈ ಮಾತನ್ನು ನಿಮ್ಮ ಮನೆ ಬಾಗಿಲಿಗೆ ತಂದು ನೋಡಿ. ರಾತ್ರಿಯಿಡೀ ಹೊಡೆದುಕೊಂಡ ಎದೆ ಅಪ್ಪನ ಮುಖ ಕಂಡ ಕೂಡಲೇ ಸುಮ್ಮನಾಗುತ್ತದೆಯೇ? ಕಾರಣ ಹೋಗಿರುತ್ತದೆ, ಕಾವು ಉಳಿದಿರುತ್ತದೆ. ಎದುರಿಗೆ ಇರುವವರು ಅಪ್ಪ. ಇದು ನನ್ನ ಊಹೆ. ನನಗೂ ಆ ಮಳೆಯ ಮರುದಿನ ಮಾಟುಂಗಾದ ಮನೆಯಲ್ಲಿ ಮೊದಲು ಸಿಕ್ಕಿದ್ದು ಬೈಗುಳವೇ, ಹಾಗಾಗಿ ಈ ಊಹೆಯ ಮೇಲೆ ನನಗೆ ಸ್ವಲ್ಪ ಜಾಸ್ತಿ ನಂಬಿಕೆ.

ಎರಡು ತಪ್ಪು ತಿದ್ದಲೇಬೇಕು. ಮೆದುಳಿನೊಳಗಿನ ಅಮಿಗ್ಡಲ ಎಂಬ ಭಾಗವನ್ನು ‘ಭಯದ ಕಾರ್ಖಾನೆ’ ಎಂದಿದ್ದೀರಿ. ಎರಡೂ ಕಡೆಯ ಅಮಿಗ್ಡಲ ಹಾಳಾದ ಮಹಿಳೆಯೊಬ್ಬರು ಹಾವು, ಜೇಡ ಕಂಡರೂ ಹೆದರುತ್ತಿರಲಿಲ್ಲ, ನಿಜ. ಆದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿಯನ್ನು ಉಸಿರಾಡಿಸಿದಾಗ ಅವರೂ ಗಾಬರಿಯಿಂದ ಒದ್ದಾಡಿದರು. ಇದು 2013ರಲ್ಲಿ ಪ್ರಕಟವಾಗಿದೆ. ಒಂದೇ ಕಾರ್ಖಾನೆಯ ಕಥೆ ನಿಲ್ಲುವುದಿಲ್ಲ.

ಇನ್ನೊಂದು, ಜೇಮ್ಸ್ ಹೇಳಿದ್ದನ್ನು ನಾಟ್ಯಶಾಸ್ತ್ರದ ಭರತ ಆಗಲೇ ಹೇಳಿದ್ದ ಎಂಬ ಮಾತು. ಭರತ ಹೇಳುತ್ತಿರುವುದು ರಂಗದ ಮೇಲೆ ರಸ ಹುಟ್ಟುವ ಬಗೆ. ಎರಡನ್ನೂ ಒಂದೇ ಮಾಡಿದರೆ ಇಬ್ಬರಿಗೂ ಅನ್ಯಾಯ. ಆದರೆ ಅವನ ಸಾತ್ವಿಕ ಭಾವಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಬೆವರು, ಕಣ್ಣೀರು, ನಡುಕ, ರೋಮಾಂಚನ, ಗಂಟಲು ಕಟ್ಟುವುದು, ಮುಖ ಬಿಳಿಚುವುದು: ಎಲ್ಲ ಮೈಯಲ್ಲಿ ಕಾಣುವಂಥವು. ಬರಹಗಾರರಿಗೆ ಅಲ್ಲಿ ಕೆಲಸವಿದೆ. ನಿಮ್ಮ ಆ ಆರು ಸಾಲುಗಳಲ್ಲಿ ಭಯ ಎಂಬ ಪದ ಒಂದು ಸಲವೂ ಇಲ್ಲ. ಅಕ್ಕಿ, ಮೊರ, ಬೆರಳು ಇಷ್ಟೇ ಇವೆ. ಓದುತ್ತಾ ನನ್ನ ಹೊಟ್ಟೆಯೊಳಗೆ ತಳಮಳ ಆಯಿತು. ಉಳಿದ ಪುಟಗಳಲ್ಲಿ ಭಯ, ಆತಂಕ, ದುಗುಡ ಎಂದು ಸಾಲಿಗೊಂದು ಹೆಸರಿದೆ, ಏನೂ ಆಗಲಿಲ್ಲ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಮೇಣದಬತ್ತಿಯಿಂದ ಶುರು ಮಾಡಿ. ಐದು ಪುಟ ಸಾಕು. ಜೂನ್ ಮೊದಲ ವಾರದೊಳಗೆ ಕಳಿಸಿದರೆ ಜುಲೈ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಬರೆಯುವ ಮುಂಚೆ ಅಮ್ಮನನ್ನು ಕೂರಿಸಿಕೊಂಡು ಕೇಳಿ. ಬೈದ ಮೇಲೆ ಅವರು ಏನು ಮಾಡಿದರು? ಅಳು ಬಂತಾ, ಕೈ ನಡುಗಿತಾ? ಆ ಅಕ್ಕಿಯನ್ನು ಬೆಳಿಗ್ಗೆಯೇ ಒಲೆಗೆ ಹಾಕಿದರಾ? ಅವರ ಮಾತಲ್ಲೇ ಬರೆದುಕೊಳ್ಳಿ.

ನಿಮ್ಮ
ಸಂಪಾದಕ