ಸಿಟಿ, ಎಂಆರ್‌ಐ ಆದ ಮೇಲೂ ಕಣತಲೆಗೆ ಅಲ್ಟ್ರಾಸೌಂಡ್ ಏಕೆ?

ತಂದೆಗೆ ಪಾರ್ಶ್ವವಾಯುವಾಗಿ ಆಸ್ಪತ್ರೆಯಲ್ಲಿದ್ದಾರೆ, ಸಿಟಿ ಮತ್ತು ಎಂಆರ್‌ಐ ಮುಗಿದ ಮೇಲೂ ದಿನಾ ಕಣತಲೆಗೆ ಜೆಲ್ ಹಚ್ಚಿ ಇನ್ನೊಂದು ಸ್ಕ್ಯಾನ್ ಮಾಡುತ್ತಾರೆ, ಬಿಲ್ ಏರಿಸುವುದಕ್ಕೋ ಎಂದು ಕೇಳಿದ್ದೀರಿ. ಬೇರೊಂದು ಆಸ್ಪತ್ರೆಯಲ್ಲಿ ಅಂಥ ಜೆಲ್ ಹಚ್ಚುವ ಕೆಲಸ ನನ್ನದೂ. ಅನುಮಾನ ಸಹಜ, ಏಕೆಂದರೆ ಪರದೆಯ ಮೇಲೆ ನಿಮಗೆ ಮಿದುಳಿನ ಚಿತ್ರವೇ ಕಾಣುವುದಿಲ್ಲ. ಕಾಣುವುದು ಏರಿಳಿಯುವ ಗೆರೆ, ಕೇಳುವುದು ಸುಯ್ ಸುಯ್ ಸದ್ದು.

ಇದು ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್, ಅಂದರೆ ತಲೆಬುರುಡೆಯ ಮೂಲಕ ಮಿದುಳಿನ ರಕ್ತನಾಳಗಳಲ್ಲಿ ರಕ್ತ ಹರಿಯುವ ವೇಗವನ್ನು ಅಳೆಯುವ ಅಲ್ಟ್ರಾಸೌಂಡ್. ರಕ್ತಸ್ರಾವವೋ ರಕ್ತ ಹೆಪ್ಪುಗಟ್ಟಿದ್ದೋ ಎಂದು ತಿಳಿಯಲು ಸಿಟಿಯೇ ಬೇಕು, ಇದು ಅದಕ್ಕೆ ಬದಲಿಯಲ್ಲ. ಆದರೆ ಸಿಟಿ ಹೇಳುವುದು ಆ ಗಳಿಗೆಯ ಸ್ಥಿತಿಯನ್ನು. ತೆರೆದುಕೊಂಡಿದ್ದ ರಕ್ತನಾಳ ರಾತ್ರಿ ಮತ್ತೆ ಮುಚ್ಚಿಕೊಂಡರೆ? ರೋಗಿಯನ್ನು ಹಾಸಿಗೆಯಿಂದ ಕದಲಿಸದೆ, ವಿಕಿರಣವಿಲ್ಲದೆ ನಾವು ಎಷ್ಟು ಬಾರಿ ಬೇಕಾದರೂ ಕಿವಿಗೊಡಬಹುದು.

ಅಡ್ಡಿ ಮಾಡುವುದು ತಲೆಬುರುಡೆ. 1982ರಲ್ಲಿ ಸಂಶೋಧಕ ರೂನೆ ಓಸ್ಲಿಡ್ ಮತ್ತು ಸಂಗಡಿಗರು, ಕಣತಲೆಯ ತೆಳು ಮೂಳೆಯ ಮೂಲಕ 2 ಮೆಗಾಹರ್ಟ್ಸ್ ತರಂಗ ಕಳಿಸಿದರೆ ಒಳಗಿನ ಮುಖ್ಯ ಅಪಧಮನಿಯ ರಕ್ತದ ವೇಗವನ್ನು ಅಳೆಯಬಹುದೆಂದು ತೋರಿಸಿದರು. ಸುಮಾರು 5 ಸೆಂಟಿಮೀಟರ್ ಆಳದಲ್ಲಿರುವ ಆ ನಾಳದಲ್ಲಿ ಸರಾಸರಿ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಆಸುಪಾಸು. ನಾಲೆ ಕಿರಿದಾದಲ್ಲಿ ನೀರು ರಭಸಗೊಳ್ಳುವಂತೆ ನಾಳ ಕಿರಿದಾದಲ್ಲಿ ಈ ಅಂಕಿ ಏರುತ್ತದೆ. ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ಹೆಪ್ಪಿನ ತುಣುಕು ತೇಲಿ ಹೋದರೆ ನಡುವೆ ಹಕ್ಕಿ ಕೂಗಿದಂತೆ 'ಚಿಂವ್' ಎನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈ ಅಂಕಿಯ ಬೆಲೆ ಚೆನ್ನಾಗಿ ಗೊತ್ತಾದದ್ದು ಕುಡಗೋಲು ಕಣ ರೋಗದ (ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬರುವ ಸಿಕಲ್ ಸೆಲ್ ಕಾಯಿಲೆಯ) ಮಕ್ಕಳಲ್ಲಿ. ವೇಗ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟಾಗ ಮೊದಲ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 90ರಷ್ಟು ಇಳಿಯಿತೆಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು.

ಎಲ್ಲರಲ್ಲೂ ಇದು ನಡೆಯುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ ಹಲವರ ಮೂಳೆ ತರಂಗವನ್ನು ಒಳಗೇ ಬಿಡುವುದಿಲ್ಲ. ಅರ್ಧ ಗಂಟೆ ತಡಕಾಡಿ ಬರಿಗೈಯಲ್ಲಿ ಎದ್ದು ಬಂದದ್ದೂ ಉಂಟು.

ಅಲ್ಟ್ರಾಸೌಂಡಿನ ಹೊಸ ತಂತ್ರವೊಂದನ್ನು ಪತ್ರಿಕೆಯಲ್ಲಿ ಓದಿದೆನೆಂದೂ ಹೇಳಿದ್ದೀರಿ, ಅದು ಬೇರೆ. ಕೆಂಪು ರಕ್ತಕಣಕ್ಕಿಂತ ಸಣ್ಣ ಅನಿಲದ ಗುಳ್ಳೆಗಳನ್ನು ರಕ್ತನಾಳಕ್ಕೆ ಚುಚ್ಚಿ, ಸೆಕೆಂಡಿಗೆ ನೂರಾರು ಚಿತ್ರ ತೆಗೆದು, ಒಂದೊಂದು ಗುಳ್ಳೆಯ ಜಾಡು ಹಿಡಿದು ನಾಳಗಳ ನಕ್ಷೆ ಬರೆಯುತ್ತಾರೆ. ಪ್ಯಾರಿಸ್‌ನ ಮಿಕೇಲ್ ತಾಂತೆರ್ ಅವರ ತಂಡ 2015ರಲ್ಲಿ ಇಲಿಯ ಮಿದುಳಿನಲ್ಲೂ 2021ರಲ್ಲಿ ಮನುಷ್ಯರ ಕಣತಲೆಯ ಮೂಲಕವೂ ಇದನ್ನು ಮಾಡಿ ತೋರಿಸಿತು. ಅಲ್ಲೂ ಮೂಳೆ ತರಂಗವನ್ನು ತಿರುಚುತ್ತದೆ, ಅದನ್ನು ಲೆಕ್ಕ ಹಾಕಿ ಸರಿಪಡಿಸಬೇಕಾಯಿತು. ಇದಿನ್ನೂ ಸಂಶೋಧನೆಯ ಹಂತದಲ್ಲಿದೆ, ನಿಮ್ಮ ಬಿಲ್ಲಿನಲ್ಲಿರುವುದು ಇದಲ್ಲ.

ನಾಳೆ ಸ್ಕ್ಯಾನ್ ಮಾಡುವವರಿಗೆ ಸದ್ದು ಸ್ವಲ್ಪ ಜೋರು ಮಾಡಿ ಎಂದು ಕೇಳಿನೋಡಿ. ತಂದೆಯವರ ಬಲಗಡೆಗೂ ಎಡಗಡೆಗೂ ಇರುವ ವ್ಯತ್ಯಾಸ ನಿಮ್ಮ ಕಿವಿಗೂ ತಿಳಿಯಬಹುದು.